ಅಯುತ್ತಯದಲ್ಲಿ ಈಡುಗಾಯಿ

ಸ್ನೇಹಿತರೇ, ತಿಪಟೂರಿನ ಕೊಬ್ಬರಿ ವ್ಯಾಪಾರಿಯನ್ನ ಮಾತ್ರ ಥಾಯ್ಲೆಂಡ್ ಟೂರಿಗೆ ಕರ್ಕೊಂಡು ಬರಬೇಡಿ. ನಾನು ಕರ್ಕೊಂಡು ಬಂದಿದ್ದೀನಿ. ನಮ್ಮ ಯಜಮಾನ್ರನ್ನೇ.

ಇವತ್ತು ಬೆಳಿಗ್ಗೆ ಅಯುತ್ತಯದ ಹಳೇ ಗುಡಿಗಳಿಗೆ ವ್ಯಾನು ಹೊರಡೋ ಮುಂಚೆ ಗೈಡ್ ಹುಡುಗಿ ನಗ್ತಾ ಎಲ್ಲರ ಕೈಗೂ ಎಳನೀರು ಕೊಟ್ಟಳು. ನಮ್ಮವರು ಅದನ್ನ ವ್ಯಾನಿಗೆ ಮೂರು ಸಲ ನಿವಾಳಿಸಿ, ಚಕ್ರದ ಮುಂದೆ ನೆಲಕ್ಕೆ ಅಪ್ಪಳಿಸಿದರು. ಪಚಕ್ ಅಂತು. ನೀರೆಲ್ಲ ಆ ಹುಡುಗಿಯ ಬಿಳಿ ಶೂ ಮೇಲೆ.

“ಏನ್ರೀ ಇದು?”

“ಕಾಯಿ ಹೊಡೀದೆ ಗಾಡಿ ಹತ್ತಕ್ಕಾಯ್ತದೇನೇ? ಸುಮ್ನಿರು.”

ಕಾಯಿ ಕೆಟ್ಟಿತ್ತೇನೋ ಅಂದ್ಕೊಂಡು ಅವಳು ಕೈಮುಗಿದು ಇನ್ನೊಂದು ತಂದುಕೊಟ್ಟಳು.

“ನೋಡು, ಇವ್ರಿಗೂ ಪದ್ಧತಿ ಗೊತ್ತು ಕಣೇ” ಅಂತ ಅದನ್ನೂ ಹೊಡೆದರು.

ಅವಳು ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದಳು: “ಸಾರ್‌ಗೆ ತೆಂಗಿನಕಾಯಿ ಕಂಡ್ರೆ ಯಾಕಷ್ಟು ಕೋಪ?”

ಈಡುಗಾಯಿಗೆ ಇಂಗ್ಲಿಷಲ್ಲಿ ಏನಂತಾರೋ ನನಗೆ ಗೊತ್ತಿಲ್ಲ. “ಮದುವೆಯಾದಾಗಿಂದ ನೋಡ್ತಿದ್ದೀನಿ, ಒಡೀತಾನೇ ಇದಾರೆ” ಅಂದೆ. ಸುಳ್ಳಲ್ಲ, ನಮ್ಮ ಕಸುಬೇ ಅದು.

ಮಧ್ಯಾಹ್ನ ಹಳ್ಳಿ ಕಡೆ ಒಂದು ತೆಂಗಿನ ತೋಟ ತೋರಿಸಿದಳು. ಎಲ್ಲರಿಗೂ ಎಳನೀರು. ನಮ್ಮವರಿಗೆ ಬಾಟ್ಲಿ ನೀರು.

“ನಂಗ್ಯಾಕೆ ಇದು?” ಅಂತ ಕೇಳ್ತಾನೇ ಇದಾರೆ. ನಾನು ನನ್ನ ಎಳನೀರು ಕುಡೀತಾ ಇದೀನಿ.