ಭಾವನ ರಕ್ತವೂ ನನ್ನ ಬುದ್ಧಿವಾದವೂ

ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ಮೇಷ್ಟರ ಕೆಲಸ ಸಿಕ್ಕ ಮೇಲಂತೂ ಕೇಳದವರಿಗೂ ಪಾಠ ಹೇಳುವ ಚಟ ಹತ್ತಿತು. ಅದಕ್ಕೆ ಬಲಿಯಾಗಬೇಕಿದ್ದವರು ನಮ್ಮ ಭಾವ.

ಭಾವ ಸಿದ್ದಪ್ಪನವರು ದೊಡ್ಡಬಳ್ಳಾಪುರದಲ್ಲಿ ಸೀರೆ ನೇಯುವವರು. ಎರಡನೆಯ ಮಹಾಯುದ್ಧ ಮುಗಿದು ಎರಡು ಮೂರು ವರ್ಷವಾಗಿತ್ತು; ವಿಷಮಶೀತ ಜ್ವರ ಬಂದು ತಿಂಗಳುಗಟ್ಟಲೆ ಮಲಗಿದರು. ಜ್ವರವೇನೋ ಬಿಟ್ಟಿತು, ಎಡಗಾಲು ಬಾಳೆದಿಂಡಿನ ಹಾಗೆ ಊದಿಕೊಂಡಿತು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದು ಜಾರಿ ಎದೆಗೆ ಹೋದರೆ ಜೀವಕ್ಕೇ ಅಪಾಯ ಎಂದರು ಬೆಂಗಳೂರಿನ ಡಾಕ್ಟರು. ಕೆಲವು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಮಾತ್ರೆ ಕೊಟ್ಟು ಕಳಿಸಿದರು. ಷರತ್ತು ಒಂದೇ: ವಾರಕ್ಕೆರಡು ಸಲ ಬಂದು ರಕ್ತ ಪರೀಕ್ಷೆ ಮಾಡಿಸಬೇಕು, ಅದನ್ನು ನೋಡಿಯೇ ಡಾಕ್ಟರು ಮಾತ್ರೆಯ ಅಳತೆ ಹೇಳಬೇಕು.

ನಾನು ಸುಮ್ಮನಿರುತ್ತೇನೆಯೇ? ಅಮೆರಿಕದಲ್ಲಿ ಮುಗ್ಗಿದ ಹುಲ್ಲು ತಿಂದ ದನಗಳು ರಕ್ತ ನಿಲ್ಲದೆ ಸತ್ತವಂತೆ, ಆ ಹುಲ್ಲಿನ ಗುಣವನ್ನು ಹುಡುಕಿ ಮಾಡಿದ್ದೇ ಈ ಮಾತ್ರೆ ಎಂದು ಅಕ್ಕನಿಗೆ ವಿವರಿಸಿದೆ.

"ಲೋ, ದನ ಸಾಯ್ಸಿದ್ದನ್ನ ನಮ್ಮನೆಯವ್ರಿಗೆ ತಿನ್ನಿಸ್ತಿದ್ದೀಯಾ?"

"ಅಳತೆ ಮೀರಿದ್ರೆ ತಾನೇ ವಿಷ, ಅಕ್ಕಾ?"

ಇಷ್ಟು ತಿಳಿದವನು ಮಾಡಿದ್ದೇನು? ಊತ ಇಳಿದದ್ದೇ ತಡ, "ಈ ವಾರ ಪರೀಕ್ಷೆ ಬೇಡ ಬಿಡಿ ಭಾವ, ಸುಮ್ಮನೆ ಅಲೆದಾಟ. ಮಾತ್ರೆ ನುಂಗ್ತಾ ಇರಿ" ಎಂದುಬಿಟ್ಟೆ. ಮೇಷ್ಟರ ಮಾತೆಂದು ಅವರೂ ತಲೆಯಾಡಿಸಿದರು.

ವಾರ ಕಳೆಯುವಷ್ಟರಲ್ಲಿ ಭಾವನ ತೋಳಿನ ಮೇಲೆ ನೀಲಿ ಕಲೆಗಳು ಎದ್ದವು. "ನೂಲಿನ ಬಣ್ಣ ಇರ್ಬೇಕು" ಎಂದೆ. ಅವರು ಮಗ್ಗದಲ್ಲಿ ಕೂತು ಎಷ್ಟೋ ದಿನವಾಗಿತ್ತೆಂಬುದು ನನಗೆ ಹೊಳೆಯಲೇ ಇಲ್ಲ. ಮರುದಿನ ಬೆಳಿಗ್ಗೆ ಗಡ್ಡ ಹೆರೆಯುವಾಗ ಒಂದು ಸಣ್ಣ ಗೀರು. ಎರಡು ಟವೆಲು ಒದ್ದೆಯಾದರೂ ರಕ್ತ ನಿಲ್ಲಲಿಲ್ಲ. ಅದರ ಕಾರಣ ವಿವರಿಸಲು ನಾನು ಬಾಯಿ ತೆರೆದೆ.

"ನಿನ್ ಪಾಠ ಸ್ಕೂಲಲ್ಲಿಟ್ಕೋ," ಎಂದಳು ಅಕ್ಕ. "ಏಳ್ರೀ, ರೈಲಿಗೆ ಹೊತ್ತಾಯ್ತು."

ಟವೆಲುಗಳನ್ನು ಹಿಡಿದು ನಾನೂ ಹಿಂದೆ ಓಡಿದೆ. ಆಸ್ಪತ್ರೆಯಲ್ಲಿ ಮಾತ್ರೆ ನಿಲ್ಲಿಸಿ, ಅದಕ್ಕೆ ಪ್ರತಿಯಾದ ಇಂಜೆಕ್ಷನ್ ಕೊಟ್ಟರು. ಮಾರನೆಯ ದಿನ ರಕ್ತ ನಿಂತಿತು. ಆಗ ಡಾಕ್ಟರು ಕಣ್ಣು ಕೆಂಪಗೆ ಮಾಡಿ ಕೇಳಿದರು: "ಪರೀಕ್ಷೆ ಬೇಡ ಅಂದವರು ಯಾರು?"

ನಾನು ಗೋಡೆ ನೋಡಿದೆ. ಭಾವ, "ನಾನೇ ಮರ್ತ್ಬಿಟ್ಟೆ ಸ್ವಾಮಿ" ಎಂದರು.

ಊರಿಗೆ ಮರಳುವಾಗ ರೈಲಿನಲ್ಲಿ ನಾಚಿಕೆಯಿಂದ ಕೇಳಿದೆ: "ನನ್ನ ಹೆಸರು ಯಾಕೆ ಹೇಳ್ಲಿಲ್ಲ ಭಾವ?"

"ಹೇಳಿದ್ರೆ ನಿಂಗೂ ಒಂದು ಸೂಜಿ ಚುಚ್ಚೋರು ಕಣೋ. ನಿಮ್ಮಕ್ಕ ಇಬ್ಬರನ್ನ ಹೇಗೆ ಹೊತ್ಕೊಂಡು ಬರ್ತಾಳೆ?"

ಈಗಲೂ ಯಾರಾದರೂ ನನ್ನ ಮುಂದೆ ಕಾಯಿಲೆ ಹೇಳಿಕೊಂಡರೆ ನಾಲಿಗೆ ತುರಿಸುವುದುಂಟು. ಆದರೆ ಬೆಂಗಳೂರಿನ ರೈಲು ಎಷ್ಟು ಹೊತ್ತಿಗೆ ಎಂಬುದನ್ನಷ್ಟೇ ಹೇಳಿ ಬಾಯಿ ಮುಚ್ಚುತ್ತೇನೆ.