ಹಾಜರಿ ಪುಸ್ತಕದಲ್ಲಿ ಇಬ್ಬರಾದವಳು

ನಮ್ಮ ಕಾರ್ಖಾನೆಯಲ್ಲಿ ಕಾರ್ಮಿಕ ಕಾಯ್ದೆಯನ್ನು ಮೊದಲಿಂದ ಕೊನೆತನಕ ಓದಿದವನು ನಾನೊಬ್ಬನೇ. ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ನನಗೆ ಕೆಲಸ ಹೋಗುವ ಭಯ ಜಾಸ್ತಿ. ಶಹಾಬಾದಿನಿಂದ ವಾಡಿಗೆ ಹೋಗುವ ರಸ್ತೆಯ ಬದಿಗೆ, ನೆಲಕ್ಕೆ ಹಾಸುವ ಫರಶಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಕಡೆ ಇಪ್ಪತ್ತು ವರ್ಷದಿಂದ ಹಾಜರಿ ಬರೆಯುತ್ತಿದ್ದೇನೆ. ಇಪ್ಪತ್ತು ವರ್ಷವೂ ದಿನಾ ಸಂಜೆ, ‘ನಾಳೆಯಿಂದ ಬರಬೇಡ ಅಂದರೆ ಏನು ಗತಿ?’ ಎಂದುಕೊಂಡೇ ಮನೆಗೆ ಹೋಗಿದ್ದೇನೆ.

ಕಾರ್ಮಿಕರ ಹಕ್ಕುಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು ಎಂಬುದು ನಿಯಮ. ನಮ್ಮ ಆಫೀಸಿನ ಗೋಡೆಗೂ ಅದು ಇದೆ. ಅದರ ಮೇಲೆ ಕ್ಯಾಲೆಂಡರ್ ತೂಗುತ್ತಿತ್ತು. ಊಟದ ಹೊತ್ತಿಗೆ ಯಾರೂ ಇಲ್ಲದಾಗ ಕ್ಯಾಲೆಂಡರ್ ಎತ್ತಿ, ಪರರ ಕಾಗದ ಕದ್ದು ಓದುವವನ ಹಾಗೆ ನಾನು ಅದನ್ನು ಓದುತ್ತಿದ್ದೆ. ನನ್ನ ಹೆಂಡತಿ ಹೇಳುವುದು ಬೇರೆ: “ಎಷ್ಟ್ ಓದಿದ್ರೂ ನಿಮಗ ಧೈರ್ಯ ಬರಂಗಿಲ್ಲ, ಬರೋದು ಕಣ್ಣಿನ ಬ್ಯಾನಿ ಅಷ್ಟೇ.”

ಕಲ್ಲು ತೊಳೆದು ಒಟ್ಟುವ ಹೆಂಗಸರಲ್ಲಿ ಗುಂಡಗುರ್ತಿಯ ಹುಡುಗಿಯೊಬ್ಬಳಿದ್ದಳು. ಶಹಾಬಾದಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಎರಡು ವರ್ಷದಿಂದ ಕೆಲಸಕ್ಕೆ ಬರುತ್ತಿದ್ದಳು. ಹೋದ ಬೇಸಿಗೆಯಲ್ಲಿ ಆ ಅತ್ತೆಯ ಮಗನನ್ನೇ ಮದುವೆಯಾದಳು. ಹೀಗಾಗಿ ಮನೆ ಬದಲಾಗಲಿಲ್ಲ, ಹೆಸರು ಮಾತ್ರ ಬದಲಾಯಿತು. ನಮ್ಮ ಕಡೆ ತಟ್ಟೆಯಲ್ಲಿ ಅಕ್ಕಿ ಹರವಿ, ಅದರ ಮೇಲೆ ಗಂಡು ಉಂಗುರದಿಂದ ಹೆಣ್ಣಿನ ಹೊಸ ಹೆಸರು ಬರೆಯುವುದುಂಟು. ಬರೆಯುವಾಗ ನಾನೂ ಅಲ್ಲೇ ನಿಂತಿದ್ದೆ. ಹೋಳಿಗೆ ಎರಡು ಹೆಚ್ಚಿಗೇ ತಿಂದು, ಸಕ್ಕರೆ ಕಾಯಿಲೆ ಬಂದೇ ಬಿಟ್ಟಿತು ಎಂದು ವಾರವಿಡೀ ಹೆದರಿದ್ದೆ.

ಆಷಾಢ ತವರಿನಲ್ಲಿ ಕಳೆದು, ನಾಗರಪಂಚಮಿ ಮುಗಿಸಿಕೊಂಡು ಅವಳು ಕೆಲಸಕ್ಕೆ ತಿರುಗಿ ಬಂದಳು.

“ಮುನ್ಶಿ ಕಾಕಾ, ನನ್ನ ಹೆಸ್ರು ಈಗ ಬ್ಯಾರೆ ಅದ ನೋಡ್ರಿ,” ಎಂದು ನಾಚಿಕೊಂಡು ಹೇಳಿದಳು.

ಪುಸ್ತಕ ಶುದ್ಧವಾಗಿರಬೇಕು ಎಂಬ ನನ್ನ ಹಟ ಎದ್ದು ಕುಳಿತಿತು. ಹಳೆಯ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದು ‘ಕೆಲಸ ಬಿಟ್ಟಿದ್ದಾಳೆ’ ಎಂದು ಬರೆದೆ. ಕೆಳಗೆ ಹೊಸ ಹೆಸರು ಬರೆದು ‘ಹೊಸ ಸೇರ್ಪಡೆ’ ಎಂದೆ. ಅಡಿಪಟ್ಟಿ ಇಟ್ಟು ಗೆರೆಯನ್ನೂ ಎಳೆದೆ. ಎಷ್ಟು ಚೆಂದ ಕಂಡಿತೆಂದರೆ, ಎರಡು ಸಲ ನೋಡಿದೆ.

ತೊಗರಿ ಕೊಯ್ಲಿನ ಹೊತ್ತಿಗೆ ಅವಳಿಗೆ ಏಳು ತಿಂಗಳು ತುಂಬಿತ್ತು; ಇನ್ನು ಕಲ್ಲು ಎತ್ತಬೇಡ ಎಂದು ದವಾಖಾನೆಯಲ್ಲಿ ಹೇಳಿದ್ದರು. ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದೆ ಬಂದು ನಿಂತಳು.

“ಕಾಕಾ, ಹಡದು ಬಂದ ಮ್ಯಾಲ ನನ್ನ ಜಾಗ ಇರ್ತದೇನ್ರಿ? ಒಮ್ಮೆ ಬಿಟ್ರ ಮುಗೀತು, ಬ್ಯಾರೆಯವ್ರು ಬಂದು ನಿಲ್ತಾರ ಅಂತಾಳ ಅತ್ತಿ.”

ಇಪ್ಪತ್ತು ವರ್ಷದ ನನ್ನ ಕಳ್ಳ ಓದು ಮೊದಲ ಸಲ ಯಾರಿಗೋ ಬೇಕಾಗಿತ್ತು. ಗತ್ತಿನಿಂದ ಎದ್ದು ಕ್ಯಾಲೆಂಡರ್ ಎತ್ತಿದೆ. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ ಎಂಬತ್ತು ದಿನ ಕೆಲಸ ಮಾಡಿದವಳಿಗೆ ಇಪ್ಪತ್ತಾರು ವಾರ ಸಂಬಳದ ರಜೆ, ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ, ಎಂದು ಓದಿ ಹೇಳಿದೆ. ಅವಳ ಮುಖ ಅರಳಿತು. ಆಮೇಲೆ ದಿನ ಎಣಿಸಲು ಪುಸ್ತಕ ತೆರೆದೆ. ವಾಂತಿ, ದವಾಖಾನೆ, ಹಬ್ಬ ಎಲ್ಲ ಕಳೆದು ಹೊಸ ಹೆಸರಿನಲ್ಲಿ ಅರವತ್ತನಾಲ್ಕು ದಿನ. ಅದೇ ಹನ್ನೆರಡು ತಿಂಗಳೊಳಗೆ, ಮದುವೆಗೆ ಮುಂಚೆ, ಹಳೆಯ ಹೆಸರಿನಲ್ಲಿ ಮೂವತ್ತೊಂದು. ನನ್ನ ಪುಸ್ತಕದಲ್ಲಿ ಅವಳು ಇಬ್ಬರು ಹೆಂಗಸರು, ಇಬ್ಬರಲ್ಲಿ ಒಬ್ಬಳೂ ಎಂಬತ್ತು ದಾಟಿರಲಿಲ್ಲ.

ಕಾರ್ಖಾನೆಯ ಮಾಲೀಕರಾದ ಸಾವ್ಕಾರರು ಕೆಟ್ಟವರಲ್ಲ. ರಜೆಯ ಮಾತು ಎತ್ತಿದಾಗ, “ಕಾಯ್ದೆ ಕೊಡು ಅಂದ್ರ ಕೊಡಾಣ್ರಿ, ನಾ ಯಾಕ ಬ್ಯಾಡ ಅನ್ಲಿ? ಆದ್ರ ಬುಕ್ಕಿನಾಗ ಎಂಬತ್ತು ಕಾಣಬೇಕಲ್ಲ? ನಿಮ್ ಬುಕ್ಕಿನಾಗ ತಪ್ಪಂತೂ ಇರಂಗಿಲ್ಲ,” ಎಂದರು.

ತಪ್ಪಿದೆ, ನನ್ನದೇ, ಎಂದು ಆಗಲೇ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ: “ಚಿತ್ತಾಪುರದ ಲೇಬರ್ ಆಫೀಸಿನಾಗ ಒಮ್ಮಿ ಕೇಳ್ಕೊಂಡು ಬರ್ತೀನ್ರಿ.”

ಹಾಜರಿ ಪುಸ್ತಕವನ್ನು ಗೋಧಿ ಹಿಟ್ಟಿನ ಚೀಲದಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಪಕ್ಕದಲ್ಲಿ ಅವಳು, ಒಳಗೆ ಖರೇ ಮಗು ಹೊತ್ತವಳು, ಆರಾಮಾಗಿ ಶೇಂಗಾ ಬಿಡಿಸಿ ತಿನ್ನುತ್ತಿದ್ದಳು.

“ಕಾಕಾ, ಹಡಿಯಾಕಿ ನಾನೋ ನೀವೋ? ಎಷ್ಟ್ ಬೆವರಾಕತ್ತೀರಿ! ತಗೋರಿ, ನಾಕ್ ಶೇಂಗಾ ತಿನ್ರಿ.”

ಆಫೀಸಿನಲ್ಲಿದ್ದ ಅಧಿಕಾರಿ ಹೆಂಗಸು. ಮದುವೆಯ ಕಾರ್ಡು, ಫೋಟೊ, ಆಧಾರ್ ಕಾರ್ಡಿನ ನಾಲ್ಕು ಪ್ರತಿ, ಎಲ್ಲವನ್ನೂ ಮೇಜಿನ ಮೇಲೆ ಹರವಿದೆ. ಅವರು ಅದ್ಯಾವುದನ್ನೂ ಮುಟ್ಟದೆ ಪುಸ್ತಕ ತೆರೆದರು.

“ಇವ್ರಿಬ್ರು ಅಕ್ಕ ತಂಗ್ಯಾರೇನ್ರಿ?”

“ಇಲ್ರಿ ಮೇಡಂ, ಒಬ್ಬಾಕಿನೇ.”

“ಮತ್ತ ಒಬ್ಬಾಕಿ ಬಿಟ್ಟಾಳ, ಇನ್ನೊಬ್ಬಾಕಿ ಬಂದಾಳ ಅಂತ ಬರದವ್ರು ಯಾರು?”

ಹರವಿದ್ದ ಆಧಾರ್ ಪ್ರತಿಗಳನ್ನು ನಾನು ಮತ್ತೆ ಜೋಡಿಸತೊಡಗಿದೆ. ಪಕ್ಕದಲ್ಲಿ ಅವಳು ಕಿಸಕ್ಕೆಂದದ್ದು ಕೇಳಿಸಿತು. ಮೇಡಂ ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಕೊನೆಯ ಕಾಲಂ ಮೇಲೆ ಬೆರಳಿಟ್ಟರು. “ಇದು ಯಾರ ಸಹಿ?”

ನೋಡಿದೆ. ಎಡಗಡೆ ನನ್ನ ದುಂಡು ಅಕ್ಷರದಲ್ಲಿ ಹೊಸ ಹೆಸರು. ಬಲಗಡೆ ಅವಳ ಸೊಟ್ಟ ಅಕ್ಷರದಲ್ಲಿ ಹಳೆಯ ಹೆಸರಿನದೇ ಸಹಿ. ಒಂದು ದಿನವಲ್ಲ, ಅರವತ್ತನಾಲ್ಕು ದಿನವೂ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವ ನಾನು, ದಿನಾ ಕಣ್ಣೆದುರಿಗೇ ಬಿದ್ದ ಸಹಿಯನ್ನು ಒಂದು ದಿನವೂ ಓದಿರಲಿಲ್ಲ.

“ಹೊಸ ಹೆಸ್ರು ಅಕ್ಕಿ ಮ್ಯಾಲ ಬರದಿದ್ರು ನೋಡ್ರಿ ಮೇಡಂ,” ಎಂದಳು ಅವಳು. “ಆ ಅಕ್ಕಿ ಮರುದಿನ ಅನ್ನ ಆಗಿ ಹೊಟ್ಟಿಗಿ ಹೋಯ್ತು. ಸಹಿ ಸಾಲ್ಯಾಗ ಮಾಸ್ತರ್ರು ಕಲಿಸಿದ್ದು. ಅದ್ಹೆಂಗ ಬದಲಾಗ್ತದ್ರಿ?”

ಮೇಡಂ ಜೋರಾಗಿ ನಕ್ಕರು. “ಹೆಸ್ರು ಎರಡಾದ್ರೂ ದುಡದ ಕೈ ಒಂದೇ. ಒಟ್ಟು ತೊಂಬತ್ತೈದು ದಿನ. ಬರದವ್ರೇ ತಿದ್ದಿ, ಯಾಕ ತಿದ್ದೀನಿ ಅಂತ ಬರದು ಸಹಿ ಮಾಡ್ರಿ. ಮಾಲೀಕರದೂ ಸಹಿ ತಗೋರಿ. ಅಷ್ಟೇ.”

ಆ ‘ಅಷ್ಟೇ’ ನನಗೆ ಬೆಟ್ಟದಷ್ಟಿತ್ತು. ಮರುದಿನ ಬೆಳಿಗ್ಗೆ ಎರಡು ಪೆನ್ನು ಬದಲಾಯಿಸಿ, ಮೂರು ಸಲ ನೀರು ಕುಡಿದು ಬರೆದೆ: ‘ಇವರಿಬ್ಬರೂ ಒಬ್ಬಳೇ. ಬೇರೆ ಬೇರೆ ಎಂದು ಬರೆದದ್ದು ನನ್ನ ತಪ್ಪು.’ ಸಾವ್ಕಾರರು ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. ಇಪ್ಪತ್ತು ವರ್ಷದಿಂದ ಕಾಯುತ್ತಿದ್ದ ಮಾತು ಇನ್ನೇನು ಬಂತು ಎಂದು ನಾನು ಊಟದ ಡಬ್ಬಿಯ ಕಡೆ ಕೈ ಹಾಕಿದೆ.

“ಇಪ್ಪತ್ತು ವರ್ಷಕ್ಕ ಒಂದ್ ತಪ್ಪು!” ಎಂದು ಅವರು ಹೆಂಗಸರು ಕಲ್ಲು ತೊಳೆಯುವಲ್ಲಿಗೆ ಕೇಳುವಂತೆ ಕೂಗಿದರು. “ನೀವೂ ನಮ್ಮಂಗ ಮನಶ್ಯಾರೇ ಅಂತ ಇವತ್ತು ಖಾತ್ರಿ ಆಯ್ತು ನೋಡ್ರಿ.” ಅಷ್ಟು ಹೇಳಿ ಸಹಿ ಹಾಕಿದರು. ರಜೆಯ ಕಾಗದಕ್ಕೂ ಹಾಕಿದರು.

ಅಂದು ಕ್ಯಾಲೆಂಡರನ್ನು ಎದುರಿನ ಗೋಡೆಗೆ ಹಾಕಿದೆ. ಈಗ ಹೆಂಗಸರು ನೀರು ಕುಡಿಯಲು ಬಂದಾಗಲೆಲ್ಲ ಪಟ್ಟಿಯ ಮುಂದೆ ನಿಂತು, “ಕಾಕಾ, ಈ ಸಾಲಿನಾಗ ಏನದರಿ?” ಎನ್ನುತ್ತಾರೆ. ಹೊಸ ಚಿಂತೆ.

ರಜೆಗೆ ಹೊರಡುವ ದಿನ ಅವಳು ಕಾಗದವನ್ನು ಅಕ್ಷರ ಅಕ್ಷರ ಓದಿದಳು. ಎರಡೂ ಹೆಸರು ಒಂದೇ ಸಾಲಿನಲ್ಲಿವೆ ಎಂದು ನೋಡಿಕೊಂಡು, ಅದೇ ಹಳೆಯ ಸಹಿ ಹಾಕಿದಳು. ಬಾಗಿಲಲ್ಲಿ ತಿರುಗಿ ನಿಂತಳು.

“ಕೂಸಿಗಿ ಹೆಸ್ರು ಇಟ್ಟಾಗ ಪೇಡೆ ಕಳಸ್ತೀನ್ರಿ, ಕಾಕಾ. ಹೆಸ್ರು ಮಾತ್ರ ನಿಮಗ ಹೇಳಂಗಿಲ್ಲ.”