ಕುದಿಸಿದ ತೀರ್ಥ

ಮಗಳ ಮೈಮೇಲಿನ ಕಲೆಗಳನ್ನು ಮೊದಲು ನೋಡಿದ್ದು ನಾನಲ್ಲ, ನಮ್ಮ ಮನೆ ಓನರ್ ಅಜ್ಜಿ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಬಾದಾಮಿ ಕಡೆಯವರಾದ ನಾವು ಬೆಂಗಳೂರಿನ ಪುಟ್ಟೇನಹಳ್ಳಿಯ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡ ಜಯನಗರದ ಒಂದು ಪ್ರೆಸ್ಸಿನಲ್ಲಿ ಮಷಿನ್ ನಡೆಸುತ್ತಿದ್ದರು. ಓನರ್ ತಾತ ಮತ್ತು ಅಜ್ಜಿ ಆ ಊರಿನ ಹಳಬರು. ಕೆರೆಯ ಕೆಳಗೆ ರಾಗಿ, ಸೊಪ್ಪು ಬೆಳೆಯುತ್ತಿದ್ದ ಅವರ ಹೊಲವೆಲ್ಲ ಸೈಟುಗಳಾಗಿತ್ತು. ಉಳಿದ ಜಾಗದಲ್ಲಿ ಸಾಲು ಮನೆ ಕಟ್ಟಿ ಬಾಡಿಗೆಗೆ ಕೊಟ್ಟು, ಹಿತ್ತಿಲಲ್ಲಿ ಹಸು ಸಾಕಿಕೊಂಡಿದ್ದರು. ದೀಪಾವಳಿಗೆ ವಠಾರದ ಮಕ್ಕಳಿಗೆಲ್ಲ ಎಣ್ಣೆ ಹಚ್ಚಿ ನೀರು ಹಾಕುವುದು ಅಜ್ಜಿಯ ಹಕ್ಕು. ಅದರಲ್ಲಿ ನಾವು ತಾಯಂದಿರು ಬಾಯಿ ಹಾಕುವಂತಿರಲಿಲ್ಲ. ಆ ವರ್ಷ ಒಂದನೇ ಕ್ಲಾಸಿನಲ್ಲಿದ್ದ ನನ್ನ ಮಗಳ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದವರು ತಟ್ಟನೆ ಕೈ ನಿಲ್ಲಿಸಿದರು.

"ಇಲ್ ಬಾಮ್ಮ," ಎಂದು ನನ್ನನ್ನು ಬಚ್ಚಲಿಗೆ ಕರೆದರು. "ಮಗೂನ ಹೊಡ್ದಿದೀಯಾ?"

"ಇಲ್ರೀ ಅಜ್ಜಿ. ನಾ ಯಾಕ ಹೊಡೀಲಿ?"

"ಮತ್ತೆ ಇದೇನು ಹಿಂಗ್ ಕಪ್ಪಗಾಗಿದೆ? ತೊಡೆ ಮೇಲೂ ಇದೆ ನೋಡು. ಹಬ್ಬ ಆಮೇಲ್ ಮಾಡಾಣ, ಮೊದ್ಲು ಡಾಕ್ಟ್ರತ್ರ ಹೋಗು."

ಮಗು ಬಿಳಿಚಿಕೊಂಡಿದ್ದು, ಆಟ ಬಿಟ್ಟು ಮೂಲೆಯಲ್ಲಿ ಮಲಗುತ್ತಿದ್ದದ್ದು ನನ್ನ ಕಣ್ಣಿಗೂ ಬಿದ್ದಿತ್ತು. ಸರಿಯಾಗಿ ಉಣ್ಣುವುದಿಲ್ಲ, ಅದಕ್ಕೇ ಹೀಗೆ ಅಂದುಕೊಂಡಿದ್ದೆ. ಒಬ್ಬ ಡಾಕ್ಟರು ಇನ್ನೊಬ್ಬರ ಹತ್ತಿರ ಕಳಿಸಿದರು, ಅವರು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿ, ಸುತ್ತಿ ಬಳಸದೆ ಹೇಳಿದರು.

"ಇದು ರಕ್ತದ ಕ್ಯಾನ್ಸರ್. ಮಕ್ಕಳಿಗೆ ಬರೋ ಈ ಥರದ್ದು ವಾಸಿ ಆಗೋ ಸಾಧ್ಯತೆ ಚೆನ್ನಾಗಿದೆ. ಆದ್ರೆ ಟ್ರೀಟ್‌ಮೆಂಟು ವರ್ಷಗಟ್ಟಲೆ ನಡೆಯುತ್ತೆ. ಮಧ್ಯದಲ್ಲಿ ಬಿಟ್ಟು ಮಾತ್ರ ಹೋಗ್ಬೇಡಿ."

ಕ್ಯಾನ್ಸರ್ ಎಂಬ ಪದದ ನಂತರ ನನ್ನ ಕಿವಿಗೆ ಏನೂ ಬೀಳಲಿಲ್ಲ. ಉಳಿದದ್ದನ್ನು ಬಸ್ಸಿನಲ್ಲಿ ಗಂಡ ಮತ್ತೆ ಮತ್ತೆ ಹೇಳಬೇಕಾಯಿತು.

ಊರಿನಿಂದ ಅತ್ತೆ ಫೋನ್ ಮಾಡಿಸಿದರು. ನಮ್ಮ ಮನೆದೇವರು ಬನಶಂಕರಿ. ಮಗುವನ್ನು ಕರೆತಂದು ಗುಡಿಯಲ್ಲೇ ಇರಿಸೋಣ, ತಾಯಿ ಕಾಯುತ್ತಾಳೆ ಎಂಬುದು ಅವರ ಹಟ. ನನಗೂ ಒಳಗೊಳಗೇ ಹಾಗೇ ಅನ್ನಿಸುತ್ತಿತ್ತು. ಸೂಜಿ ಕಂಡರೆ ಚೀರುವ ಮಗುವನ್ನು ಎತ್ತಿಕೊಂಡು ಓಡಿಹೋಗಿಬಿಡಬೇಕು ಅನ್ನಿಸುತ್ತಿತ್ತು. ನಾನು ಬಟ್ಟೆ ಗಂಟು ಕಟ್ಟುತ್ತಿದ್ದಾಗ ಅಜ್ಜಿ ಬಾಗಿಲಲ್ಲಿ ನಿಂತರು.

"ಬನಶಂಕರಮ್ಮ ಇಲ್ಲೂ ಇದಾಳಲ್ಲಮ್ಮ, ಒಂದ್ ಬಸ್ಸಿನ ದಾರೀಲಿ. ಆಸ್ಪತ್ರೆ ಕೆಲ್ಸ ನೀನ್ ನೋಡ್ಕೋ. ದೇವಿ ಕೆಲ್ಸ ನಾನ್ ನೋಡ್ಕೋತೀನಿ."

ಅಂದಿನಿಂದ ಅವರು ರಾಹುಕಾಲಕ್ಕೆ ಬನಶಂಕರಿ ಗುಡಿಗೆ ಹೋಗಿ, ನಿಂಬೆಹಣ್ಣಿನ ಹೋಳಲ್ಲಿ ತುಪ್ಪದ ದೀಪ ಹಚ್ಚಿ ಬರತೊಡಗಿದರು. ಮಂಡಿನೋವಿತ್ತು, ಬಸ್ಸು ಹತ್ತುವಾಗ ಕಂಡಕ್ಟರನ ಕೈ ಹಿಡಿಯಬೇಕಾಗುತ್ತಿತ್ತು. ಆದರೂ ತಪ್ಪಿಸಲಿಲ್ಲ. ನಾನು ಗಂಟು ಬಿಚ್ಚಿ ಬಟ್ಟೆಗಳನ್ನು ಮತ್ತೆ ಮಡಚಿಟ್ಟೆ.

ಔಷಧಿ ಶುರುವಾದ ಮೇಲೆ ರಕ್ತದ ಅವಶ್ಯಕತೆ ಬಿತ್ತು. ಬೆಂಗಳೂರಿನಲ್ಲಿ ನಮಗೆ ಬಂಧುಗಳೇ ಇರಲಿಲ್ಲ. ಗಂಡ ರಕ್ತ ಕೊಟ್ಟಾಗಿತ್ತು, ಪ್ರೆಸ್ಸಿನವರೂ ಬಂದು ಹೋಗಿದ್ದರು. ವಿಷಯ ತಿಳಿದ ತಾತ ಪಂಚೆ ಎತ್ತಿಕಟ್ಟಿ ಆಟೋಸ್ಟ್ಯಾಂಡಿನ ಕಡೆ ನಡೆದರು. ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮುಂದೆ ಸಾಲಾಗಿ ಆಟೋಗಳು ಬಂದು ನಿಂತವು. ಡ್ರೈವರುಗಳು, ಹಾಲಿನ ಅಂಗಡಿಯವನು, ಗಾರೆ ಮೇಸ್ತ್ರಿ, ನಾನು ಎಂದೂ ಮಾತಾಡಿಸಿರದ ಪಿ.ಜಿ. ಹುಡುಗರು. ಡಾಕ್ಟರಮ್ಮ ಬೆರಗಾಗಿ ಕೇಳಿದರು, "ಇವರೆಲ್ಲ ನಿಮ್ಮ ರಿಲೇಶನ್ಸಾ?"

ನಾನು ಬಾಯಿ ತೆರೆಯುವ ಮೊದಲೇ ತಾತ ಹೇಳಿದರು, "ಹೂಂ ಮೇಡಂ, ಈ ಮಗು ನಮ್ಮೂರ್ದು."

ವರ್ಷಗಳಿಂದ ಅಲ್ಲಿ ಬಾಡಿಗೆಗಿದ್ದರೂ ಅದು ನನ್ನ ಊರು ಎಂದು ನನಗನ್ನಿಸಿದ್ದು ಆ ಕ್ಷಣದಲ್ಲಿ. ಅಲ್ಲೇ ಕಾರಿಡಾರಿನಲ್ಲಿ ಅತ್ತುಬಿಟ್ಟೆ. ಕಾಯಿಲೆ ತಿಳಿದ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಕಟ್ಟುನಿಟ್ಟುಗಳು. ಸೋಂಕು ತಗುಲಬಾರದು, ಹಸಿ ತರಕಾರಿ ಇಲ್ಲ, ಕುದಿಸದ ನೀರು ಇಲ್ಲ, ಜನರ ಗುಂಪು ಇಲ್ಲ. ಅಜ್ಜಿ ಗುಡಿಯಿಂದ ತಂದ ತೀರ್ಥವನ್ನು ಬೇಡ ಅನ್ನುವುದು ಹೇಗೆ? ಕೊನೆಗೆ ತಡವರಿಸುತ್ತ ಹೇಳಿದೆ. ಅಜ್ಜಿ ಕೈಯಲ್ಲಿದ್ದ ಪುಟ್ಟ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟರು. ಮನಸ್ಸಿಗೆ ನೋವಾಯಿತೇನೋ ಎಂದು ನಾನು ಹೆದರಿದೆ.

"ಒಲೆ ಹಚ್ಚಮ್ಮ," ಎಂದರು. "ಕುದಿಸೇ ಕೊಡಾಣ. ಅವ್ಳೂ ತಾಯೀನೇ ತಾನೆ, ಅರ್ಥ ಆಗುತ್ತೆ."

ತೀರ್ಥ ಕುದಿದು ಆರಿದ ಮೇಲೆ ಮಗಳಿಗೆ ಒಂದು ಚಮಚ ಕುಡಿಸಿದೆವು. ವಾರಕ್ಕೊಮ್ಮೆ ನಮ್ಮ ಮನೆಯಲ್ಲಿ ಸೇರಿ ಭಜನೆ ಮಾಡುತ್ತಿದ್ದ ವಠಾರದ ಹೆಂಗಸರು ಈಗ ಅಂಗಳದಲ್ಲೇ, ಕಿಟಕಿಯಿಂದ ದೂರ ಚಾಪೆ ಹಾಸಿ ಕೂತು ಹಾಡಿದರು. ಮಗಳು ಕಂಬಿ ಹಿಡಿದು ನಿಂತು ತಾಳ ಹಾಕುತ್ತಿದ್ದಳು. ಯಾರಾದರೂ ಶ್ರುತಿ ತಪ್ಪಿದರೆ ಒಳಗಿನಿಂದಲೇ ನಗುತ್ತಿದ್ದಳು.

ಕೂದಲು ಉದುರಿದಾಗ ಮಾತ್ರ ಅವಳು ಯಾರ ಮುಖವನ್ನೂ ನೋಡಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದಳು. ಬಾಗಿಲ ಹೊರಗೆ ಕುರ್ಚಿ ಹಾಕಿ ಕೂತ ತಾತ, "ದೇವ್ರಿಗೆ ಮುಡಿ ಕೊಟ್ಟೆ ಅನ್ಕೋ ಪುಟ್ಟಿ," ಎಂದರು.

"ನಾನ್ ಕೊಟ್ಟಿಲ್ಲ, ಅದೇ ಕಿತ್ಕೊಂಡಿದ್ದು," ಎಂದಳು ಗೋಡೆಗೇ. ಆಮೇಲೆ ತಿರುಗಿ, "ನೀವ್ ಮೀಸೆ ಕೊಡ್ತೀರಾ?"

ತಾತನ ಮೀಸೆಯೆಂದರೆ ಸಾಮಾನ್ಯದ್ದಲ್ಲ. ಎರಡೂ ತುದಿ ಹುರಿಮಾಡಿ, ಊರ ಪಂಚಾಯ್ತಿಗಳಲ್ಲಿ ಮಾತಿಗಿಂತ ಮೊದಲು ತಿರುವುತ್ತಿದ್ದ ಮೀಸೆ. ಅವರು ಎದ್ದು ಹೋದರು. ಮಗುವಿನ ಮಾತಿಗೆ ಬೇಸರ ಮಾಡಿಕೊಂಡರು ಎಂದು ನಾನು ಕಸಿವಿಸಿಗೊಂಡೆ. ಊಟದ ಹೊತ್ತಿಗೆ ಬಾಗಿಲಲ್ಲಿ ಯಾರೋ ಅಪರಿಚಿತರು ನಿಂತಂತಾಯಿತು. ಬೋಳು ತುಟಿಯ ತಾತ!

"ಕೊಟ್ಟೆ ಕಣಮ್ಮ. ಸರೀನಾ?"

ಮಗಳು ಎಷ್ಟು ನಕ್ಕಳೆಂದರೆ ಕೆಮ್ಮು ಬಂತು. ಅಜ್ಜಿಯಂತೂ ಸೆರಗು ಬಾಯಿಗೆ ಒತ್ತಿಕೊಂಡು, "ಮದ್ವೆ ಆದಾಗಿಂದ ಈ ಮುಖ ನೋಡೇ ಇರ್ಲಿಲ್ಲ ನಾನು," ಎಂದು ನಾಚಿದರು. ಬೀದಿಯಲ್ಲಿ ಯಾರು ಕೇಳಿದರೂ ತಾತನದು ಒಂದೇ ಉತ್ತರ: "ನಮ್ ಪುಟ್ಟಿ ಕೇಳಿದ್ಳು, ಕೊಟ್ಟೆ."

ಎಲ್ಲ ಹೀಗೇ ನಡೆಯಲಿಲ್ಲ. ಮಳೆಗಾಲದಲ್ಲಿ ಜ್ವರ ಬಂತು, ಇಳಿಯಲಿಲ್ಲ. ಅವಳನ್ನು ಐ.ಸಿ.ಯು.ಗೆ ಹಾಕಿದರು. ಡಾಕ್ಟರಮ್ಮ ನನ್ನ ಭುಜ ಮುಟ್ಟಿ, "ನಮ್ಮ ಪ್ರಯತ್ನ ನಾವು ಮಾಡ್ತಿದೀವಿ," ಎಂದಾಗ ಅವರ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಅಜ್ಜಿ ಕುಂಕುಮ ತಂದಾಗ ನಾನು ಸಿಟ್ಟಾದೆ. "ಇಷ್ಟು ದಿನ ಬೇಡಿಕೊಂಡದ್ದಕ್ಕ ಆಕಿ ಮಾಡಿದ್ದೇನ್ರೀ? ಇನ್ನ ನಾ ಕೈ ಮುಗಿಯೂದಿಲ್ಲ."

ಅಜ್ಜಿ ಕುಂಕುಮದ ಪೊಟ್ಟಣವನ್ನು ತಮ್ಮ ಸೆರಗಿಗೆ ಕಟ್ಟಿಕೊಂಡರು. ಬೆಂಚಿನ ಮೇಲೆ ನನ್ನ ಪಕ್ಕ ಕೂತು ಹೇಳಿದರು, "ಮುಗೀಬೇಡ ಬಿಡು. ನಿನ್ ಪಾಲಿಂದೂ ನಾನೇ ಮುಗೀತೀನಿ."

ಆಮೇಲೆ ಡಬ್ಬಿಯಿಂದ ಮೊಸರನ್ನ ತೆಗೆದು ತುತ್ತು ಮಾಡಿ ನನ್ನ ಬಾಯಿಗಿಟ್ಟರು. ಭಕ್ತಿ ಎಂದರೆ ಏನೆಂದು ಯಾರಾದರೂ ನನ್ನನ್ನು ಕೇಳಿದರೆ ನೆನಪಾಗುವುದು ಆ ತುತ್ತು. ಆ ಬೆಂಚಿನ ಮೇಲೆ ಅವರು ನನ್ನನ್ನು ಒಬ್ಬಳನ್ನೇ ಬಿಡಲಿಲ್ಲ. ಅವರು ಗುಡಿಗೆ ಹೋದಾಗ ವಠಾರದ ಬೇರೊಬ್ಬರು ಬಂದು ಕೂರುತ್ತಿದ್ದರು.

ಔಷಧಿ ಬದಲಾಯಿಸಿದ ಮೇಲೆ ಜ್ವರ ಮೆಲ್ಲಗೆ ಇಳಿಯಿತು. ಒಂದು ಬೆಳಿಗ್ಗೆ ನರ್ಸು ಓಡಿಬಂದು, "ಬನ್ನಿ ಅಕ್ಕ, ನಿಮ್ಮ ಮಗಳು ಇಡ್ಲಿ ಕೇಳ್ತಿದಾಳೆ," ಎಂದಳು. ಅಜ್ಜಿ ಗೋಡೆ ಹಿಡಿದು ನಿಂತು ಕಣ್ಣು ಮುಚ್ಚಿದರು. ಈ ಸಲ ನನ್ನ ಕೈಗಳು ತಾವಾಗಿಯೇ ಕೂಡಿಕೊಂಡವು. ಡಾಕ್ಟರಮ್ಮನಿಗೂ ಮುಗಿದೆ, ನರ್ಸಿಗೂ ಮುಗಿದೆ.

ಮೂರನೇ ಕ್ಲಾಸಿನ ಕೊನೆಯ ಹೊತ್ತಿಗೆ ಮಾತ್ರೆಗಳು ನಿಂತವು. ಆಮೇಲೆ ತಿಂಗಳಿಗೊಮ್ಮೆ ಇದ್ದ ಪರೀಕ್ಷೆ ವರ್ಷಕ್ಕೊಮ್ಮೆಯಾಯಿತು. ಒಂದು ವರ್ಷ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ನಕ್ಕರು. "ಇನ್ಮೇಲೆ ಇವಳನ್ನ ಪೇಶೆಂಟ್ ಅನ್ಬೇಡಿ."

ಹೈಸ್ಕೂಲಿಗೆ ಬಂದಾಗ ಅವಳು ಥ್ರೋಬಾಲ್ ಟೀಮಿನಲ್ಲಿದ್ದಳು. ಜಯನಗರದ ಮೈದಾನದಲ್ಲಿ ಶಾಲೆಶಾಲೆಗಳ ಫೈನಲ್. ಗಂಡ ಪ್ರೆಸ್ಸಿಗೆ ರಜೆ ಹಾಕಿದರು. ವಠಾರಕ್ಕೆ ವಠಾರವೇ ಬಂದು ಕಾಂಪೌಂಡಿನ ಪಕ್ಕ ಕೂತಿತು. ಅಜ್ಜಿಗೆ ಆಟದ ನಿಯಮ ಒಂದೂ ಗೊತ್ತಿಲ್ಲ. ಚೆಂಡು ಯಾವ ಕಡೆ ಬಿದ್ದರೂ, "ಹಿಡೀ ಪುಟ್ಟಿ, ಹಿಡೀ!" ಎಂದು ಕೂಗಿದರು. ರೆಫ್ರಿ ಎರಡು ಸಲ ತಿರುಗಿ ನೋಡಿದರು. ಕೊನೆಯ ಪಾಯಿಂಟಿಗೆ ಎದುರಾಳಿ ಬೀಸಿ ಎಸೆದ ಚೆಂಡನ್ನು ನನ್ನ ಮಗಳು ಮಂಡಿಯೂರಿ, ನೆಲಕ್ಕೆ ತಾಗುವ ಮುಂಚೆ ಹಿಡಿದಳು. ಎದ್ದವಳೇ ತಿರುಗಿ ಎಸೆದಳು. ಆ ಕಡೆ ಯಾರಿಗೂ ಸಿಗಲಿಲ್ಲ.

ಮೈದಾನವೆಲ್ಲ ಕಿರುಚಾಟ. ಗೆಳತಿಯರು ಅವಳನ್ನು ಎತ್ತಿ ತಿರುಗಿಸಿದರು. ನಾನು ಅಳುತ್ತಿದ್ದೆ, ಗಂಡ ಶಿಳ್ಳೆ ಹೊಡೆಯುತ್ತಿದ್ದರು. ಅವರಿಗೆ ಶಿಳ್ಳೆ ಬರುತ್ತದೆಂದು ನನಗೆ ಗೊತ್ತಾದದ್ದೇ ಅವತ್ತು. ಮೈತುಂಬ ಮಣ್ಣು, ಕೆತ್ತಿಹೋದ ಮಂಡಿ, ಹಾಗೇ ಅವಳು ನಮ್ಮ ಕಡೆ ಓಡಿಬಂದಳು.

"ಗೆದ್ವಾ?" ಎಂದರು ಅಜ್ಜಿ, ಇನ್ನೂ ಖಾತ್ರಿಯಿಲ್ಲದೆ.

"ಗೆದ್ವಿ ಅಜ್ಜಿ! ಸಖತ್ತಾಗಿ ಗೆದ್ವಿ! ಅವ್ವಾ, ತಿನ್ನಾಕ ಏನ್ ತಂದೀ?"